ಹೆಬ್ಬೆಟ್ಟಿನ ಗುಳಿ

ಬೆಳಕು ಹರಿಯುವ ಮೊದಲೇ ಪುರಿಂಗ್ ದೋಣಿಯಲ್ಲಿ ಕೂತಿದ್ದಾಳೆ. ತೊಡೆಯ ಮೇಲೆ ಅಕ್ಕಿಚೀಲ, ಚೀಲದೊಳಗೆ ತಕ್ಕಡಿ. ಸಾಮಾರ್ ದ್ವೀಪದ ಬೆಸ್ತರ ಕೇರಿಗಳಲ್ಲಿ ಮಕ್ಕಳ ತೂಕ ನೋಡಿ, ಏನು ಉಣ್ಣಿಸಬೇಕೆಂದು ಹೇಳಬಲ್ಲ ಹೆಂಗಸರನ್ನು ತಯಾರು ಮಾಡುವುದು ಅವಳ ಕೆಲಸ. ಉಳಿದ ದಿನ ಮೀನು ಒಣಗಿಸುತ್ತಾಳೆ. ಇಪ್ಪತ್ತು ವರ್ಷದಲ್ಲಿ ಒಂಬತ್ತು ಕೇರಿಗಳಲ್ಲಿ ಅಂಥವರು ತಯಾರಾಗಿದ್ದಾರೆ.

ಇವತ್ತು ಬಂದಿಳಿದ ಈ ಹತ್ತನೇ ಕೇರಿಯಲ್ಲಿ ಕಲಿಯುತ್ತಿರುವವಳು ಜೊವೆಲಿನ್, ಬಲೆ ಹೆಣೆಯುವ ಹುಡುಗಿ. ತೊಲೆಗೆ ಕಟ್ಟಿದ ತಕ್ಕಡಿಯಲ್ಲಿ ಮಾರ್ಸೆಲಾಳ ಎರಡು ವರ್ಷದ ಮಗ ಇಂಟೊಯ್ ಕೂತಿದ್ದಾನೆ. ಕೆನ್ನೆ ಉಬ್ಬಿದೆ. ಅಳುವುದೇ ಇಲ್ಲ.

"ತೂಕ ಸರಿಯಾಗಿದೆ ಅಕ್ಕ. ಎಷ್ಟು ದುಂಡಗಿದಾನೆ ನೋಡಿ!" ಎನ್ನುತ್ತಾಳೆ ಜೊವೆಲಿನ್.

ಮಾರ್ಸೆಲಾ ಸಿಡಿಯುತ್ತಾಳೆ. "ಬಾಯಿಗೆ ಬಂದಂಗೆ ಹೊಗಳ್ತೀಯಲ್ಲೇ, ದೃಷ್ಟಿ ತಾಗಿದ್ರೆ ನೀನು ಬಂದು ಸಾಕ್ತೀಯಾ?"

ಅಲ್ಲಿನ ರೂಢಿಯಂತೆ ಹೊಗಳಿದವರೇ ಬೆರಳಿಗೆ ಎಂಜಲು ಹಚ್ಚಿ ಮಗುವಿನ ಪಾದ ಮುಟ್ಟಿ ದೃಷ್ಟಿ ತೆಗೆಯಬೇಕು. ಜೊವೆಲಿನ್ ಬೆರಳು ಬಾಯಿಗೆ ಒಯ್ಯುವಷ್ಟರಲ್ಲಿ ಪುರಿಂಗ್ ಮೆಲ್ಲಗೆ ಹೇಳುತ್ತಾಳೆ, "ಹೆಬ್ಬೆಟ್ಟು. ಮುಟ್ಟಿ ಬಿಡಬೇಡ, ಒತ್ತಿ ಹಿಡಿ. ಎರಡೂ ಪಾದ."

ಬೆರಳು ತೆಗೆದ ಮೇಲೂ ಗುಳಿ ಹಾಗೇ ಇರುತ್ತದೆ. ಇನ್ನೊಂದು ಪಾದದಲ್ಲೂ.

"ಇದು ಮೈಯಲ್ಲ, ಊಟ ಸಾಲದೆ ತುಂಬಿದ ನೀರು," ಎನ್ನುತ್ತಾಳೆ ಪುರಿಂಗ್. "ಏನು ಉಣ್ಣಿಸ್ತಿದೀಯಾ ತಾಯಿ?"

"ಚಿಕ್ಕದು ಹುಟ್ಟಿದ ಮೇಲೆ ಹಾಲು ಬಿಡಿಸ್ದೆ. ಗಂಜಿತಿಳಿ ಕುಡೀತಾನೆ."

"ಮೀನು?"

"ಹೊಟ್ಟೇಲಿ ಹುಳ ಆಗುತ್ತೆ, ಕೊಡಬೇಡ ಅಂದ್ರು ಅತ್ತೆ."

ಆಸ್ಪತ್ರೆ ಕೊಲ್ಲಿಯ ಆಚೆ. ಇಳಿತ ಶುರುವಾಗಿದೆ, ತಡಮಾಡಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ, ಮಗು ನಾಳೆಯವರೆಗೆ ಕಾಯುವ ಸ್ಥಿತಿಯಲ್ಲಿಲ್ಲ. ಮಾರ್ಸೆಲಾ ಕದಲುವುದಿಲ್ಲ. "ದುಂಡಗಿರೋ ಮಗೂನ ಆಸ್ಪತ್ರೆಗೆ ಒಯ್ದರೆ ಊರು ನಗುತ್ತೆ."

ಪುರಿಂಗ್ ಜೊವೆಲಿನ್ ಕಡೆ ನೋಡುತ್ತಾಳೆ. ಕಲಿಸುವುದರಲ್ಲಿ ಅವಳಿಗೆ ಅತಿ ಕಷ್ಟದ್ದು ಇದೇ, ಬಾಯಿ ಮುಚ್ಚಿಕೊಂಡಿರುವುದು. ನೀರು ಇಳಿಯುತ್ತಿದೆ.

ಜೊವೆಲಿನ್ ಮಾರ್ಸೆಲಾಳ ಹೆಬ್ಬೆಟ್ಟನ್ನೇ ಹಿಡಿದು ಮಗುವಿನ ಪಾದಕ್ಕೆ ಒತ್ತುತ್ತಾಳೆ. "ಈಗ ನಿನ್ ಕಾಲಿಗೆ ಒತ್ತು." ತಾಯಿಯ ಕಾಲಲ್ಲಿ ಗುರುತೂ ಉಳಿಯುವುದಿಲ್ಲ. ಮಗನ ಪಾದದ ಗುಳಿ ಇನ್ನೂ ತುಂಬಿಲ್ಲ.

"ನಡಿ ಮಾರ್ಸೆಲಕ್ಕ, ನಾನೂ ಬರ್ತೀನಿ. ನಗೋರು ನನ್ನೂ ನೋಡಿ ನಗ್ಲಿ."

ಮಾರ್ಸೆಲಾ ಮಗನನ್ನು ಎತ್ತಿಕೊಂಡು ಹತ್ತುತ್ತಾಳೆ. ದೋಣಿಯ ತಳ ಕೆಸರು ಕೆರೆಯುತ್ತಲೇ ನೀರಿಗಿಳಿಯುತ್ತದೆ.

ಮೂರು ವಾರದ ನಂತರ ಇಂಟೊಯ್ ಅದೇ ತಕ್ಕಡಿಯಲ್ಲಿ. ಕೆನ್ನೆ ಇಳಿದಿದೆ. ಮುಷ್ಟಿಯಲ್ಲಿ ಬೇಯಿಸಿದ ಮೀನಿನ ತುಂಡು. ಅದನ್ನು ಬಿಡಿಸಹೋದರೆ ಕೇರಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ತಕ್ಕಡಿಯ ಮುಳ್ಳು ಹಿಂದಿನ ಸಲಕ್ಕಿಂತ ಕಡಿಮೆ ತೂಕ ತೋರಿಸುತ್ತಿದೆ.

"ಒಯ್ದು ಒಣಗಿಸ್ಕೊಂಡು ಬಂದ್ರು," ನೆರೆಮನೆಯ ಮುದುಕಿ ಚುಚ್ಚುತ್ತಾಳೆ.

"ಆಗಿದ್ದದ್ದು ನೀರಿನ ತೂಕ ಅಜ್ಜಿ," ಎನ್ನುತ್ತಾಳೆ ಜೊವೆಲಿನ್. "ಇದು ಅವನದು."

ಪುರಿಂಗ್ ಖಾಲಿ ಅಕ್ಕಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾಳೆ.

"ತಕ್ಕಡಿ ಇಲ್ಲೇ ಇರ್ಲಿ. ಈ ಕೇರಿಗೆ ಇನ್ನು ನಾನು ಬೇಕಾಗಿಲ್ಲ."