ಪುಟ್ಟಮ್ಮ ಕೇಳಿದ ‘ಆಮೇಲೆ’

ಸೊಸೆ ತಂದಿಟ್ಟ ಊದುಬತ್ತಿ ಪೊಟ್ಟಣವೊಂದು ಬೀರುವಿನಲ್ಲೇ ಉಳಿದು, ಅದರ ಮಲ್ಲಿಗೆ ಘಮವೆಲ್ಲ ಆರಿಹೋಗಿತ್ತು. ಇವತ್ತು ಬೆಳಿಗ್ಗೆ ಬಿಚ್ಚಿದರೆ ಇದ್ದಿಲು ಪುಡಿ, ಅಂಟಿನ ಹಸಿ ವಾಸನೆ. ‘ಕೆಟ್ಟಿದೆ ಅತ್ತೆ, ಬಿಸಾಕಿ’ ಎಂದಳು. ಕೆಟ್ಟಿರಲಿಲ್ಲ. ಊದುಬತ್ತಿಯ ಮೂಲ ವಾಸನೆಯೇ ಅದು, ಸೆಂಟು ಹಾಕುವುದು ಆಮೇಲೆ. ಒಂದು ಕಾಲದಲ್ಲಿ ನಾನೂ ಊದುಬತ್ತಿ ಹೊಸೆಯುವವಳಾಗಿದ್ದೆ. ಗಾಬರಿಯಾಗಬೇಡಿ, ನಾಟಕದಲ್ಲಿ.

ಎಪ್ಪತ್ತರ ದಶಕ. ರಾಜಾಜಿನಗರದಲ್ಲಿ ನಮ್ಮ ಮನೆ, ಹತ್ತಿರದ ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟು. ಆಫೀಸಿನವರು ಸೇರಿ ದುಡಿಯುವ ಹೆಂಗಸರ ಶೋಷಣೆಯ ಮೇಲೆ ನಾಟಕ ಆಡಲು ಹೊರಟರು. ಗಂಡಸರು ಹದಿಮೂರು ಜನ ಸೇರಿದರು, ಶೋಷಣೆಗೆ ಒಳಗಾಗಲು ಒಬ್ಬ ಹೆಂಗಸೂ ಸಿಗಲಿಲ್ಲ. ಮರ್ಯಾದಸ್ಥರ ಮನೆಯ ಹುಡುಗಿಯರು ಬಣ್ಣ ಹಚ್ಚುತ್ತಿರಲಿಲ್ಲ ನೋಡಿ. ನಿರ್ದೇಶಕರು ಮೂರು ಸಲ ಮನೆಗೆ ಬಂದು, ಮೂರು ಸಲವೂ ಕಾಫಿ ಕುಡಿದು, ಅಪ್ಪನನ್ನು ಒಪ್ಪಿಸಿದರು.

ಹೊಸೆಯುವುದನ್ನು ಕಲಿಸಿದವಳು ನಮ್ಮ ಹಿಂದಿನ ಬೀದಿಯ ಪುಟ್ಟಮ್ಮ. ಅಲ್ಲೊಂದು ಶೀಟಿನ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರು ಮಣೆ ಮುಂದೆ ಕೂತು ಬೆಳಿಗ್ಗೆಯಿಂದ ಸಂಜೆವರೆಗೆ ಬಿದಿರು ಕಡ್ಡಿಗೆ ಮಸಾಲೆ ಹೊಸೆಯುತ್ತಿದ್ದರು. ಸಂಜೆ ಮೇಸ್ತ್ರಿ ಬಂದು ಕಟ್ಟುಗಳನ್ನು ನೋಡಿ, ಇದು ಸೊಟ್ಟ, ಇದು ದಪ್ಪ ಎಂದು ಒಂದಷ್ಟನ್ನು ಪಕ್ಕಕ್ಕೆ ಹಾಕುತ್ತಿದ್ದ. ಹಾಗೆ ಹಾಕಿದ್ದು ಕೂಲಿಯ ಲೆಕ್ಕಕ್ಕಿಲ್ಲ, ಆದರೆ ಮಾರಾಟಕ್ಕೆ ಮಾತ್ರ ಹೋಗುತ್ತಿತ್ತು. ಇದನ್ನು ಹೇಳಿದವಳೂ ಪುಟ್ಟಮ್ಮನೇ, ಅದೇ ನಮ್ಮ ಕೊನೆಯ ದೃಶ್ಯವಾಯಿತು. ನನ್ನ ಕೈ ನೋಡಿ ಅವಳು ನಗುತ್ತಿದ್ದಳು: ‘ಹಿಂಗ್ ಹೊಸೆದ್ರೆ ಒಂದೊತ್ತಿನ ಗಂಜಿನೂ ಹುಟ್ಟಲ್ಲ ಕಣಕ್ಕ.’ ನಿರ್ದೇಶಕರು ಇನ್ನೂ ನಿಧಾನ ಮಾಡಿಸಿದರು. ಬೇಗ ಹೊಸೆದರೆ ಹಿಂದಿನ ಸಾಲಿನವರಿಗೆ ಕಷ್ಟ ಕಾಣುವುದಿಲ್ಲವಂತೆ.

ಕೊನೆಯ ದೃಶ್ಯದಲ್ಲಿ ನಾನು ಮಣೆಯನ್ನು ಒದ್ದು, ‘ಈ ಕೈ ಇಲ್ದಿದ್ರೆ ನಿನ್ನ ದೇವರಿಗೂ ಧೂಪ ಇಲ್ಲ’ ಎನ್ನಬೇಕು. ಪರದೆ. ಮೊದಲ ಪ್ರಯೋಗದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಪುಟ್ಟಮ್ಮನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದೆವು. ಅವಳು ಚಪ್ಪಾಳೆ ತಟ್ಟಲಿಲ್ಲ, ಬಿದ್ದ ಪರದೆಯನ್ನೇ ನೋಡುತ್ತಿದ್ದಳಂತೆ.

ನಾಲ್ಕು ದಿನಕ್ಕೆ ಸುದ್ದಿ ಬಂತು. ಮೇಸ್ತ್ರಿ ಅವಳ ಕಟ್ಟನ್ನು ಪಕ್ಕಕ್ಕೆ ಹಾಕಿದಾಗ ಪುಟ್ಟಮ್ಮ ಎದ್ದು ನಿಂತು ನನ್ನ ಮಾತನ್ನೇ ಅಕ್ಷರ ಬಿಡದೆ ಹೇಳಿಬಿಟ್ಟಿದ್ದಳು. ‘ನಾಟಕ ಆಡ್ತೀಯಾ? ನಾಳೆಯಿಂದ ಬರ್ಬೇಡ’ ಎಂದನಂತೆ ಅವನು. ನಿರ್ದೇಶಕರಿಗೆ ಹೇಳಿದರೆ ಅವರ ಮುಖ ಅರಳಿತು. ‘ನೋಡಿದ್ರಾ, ರಂಗಭೂಮಿ ಅಂದ್ರೆ ಹಿಂಗೆ ಪರಿಣಾಮ ಬೀರ್ಬೇಕು.’ ನನಗೂ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅವಳ ಕೆಲಸ ಹೋಯಿತಲ್ಲ ಎಂದು ನೋವೂ ಆಯಿತು. ಎರಡೂ ಒಟ್ಟಿಗೇ ಹೇಗಾಗುತ್ತದೋ ಇವತ್ತಿಗೂ ತಿಳಿಯದು.

ಭಾನುವಾರ ಬೆಳಿಗ್ಗೆ ಪುಟ್ಟಮ್ಮ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಅಕ್ಕಾ, ಆ ಮಾತು ಆಡಿದ್ಮೇಲೆ ನಿಮ್ಮ ನಾಟಕದೋಳು ಏನ್ ಮಾಡಿದ್ಲು?’

‘ಆಮೇಲೆ ಪರದೆ ಬೀಳುತ್ತೆ, ಪುಟ್ಟಮ್ಮ.’

‘ಅದ್ ಗೊತ್ತು. ಬಿದ್ಮೇಲೆ?’

ಎರಡು ತಿಂಗಳು ತಾಲೀಮು ನಡೆಸಿದ ನಮ್ಮಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಉತ್ತರ ಇರುತ್ತಿತ್ತೇ? ಅವಳು ಆ ಮಾತು ಆಡಿದ್ದು ತಪ್ಪೇ, ನಾವು ಬರೆದದ್ದು ತಪ್ಪೇ? ಆಡದೆ ತಲೆ ತಗ್ಗಿಸಿಕೊಂಡೇ ಇದ್ದಿದ್ದರೆ ಸರಿಯಾಗುತ್ತಿತ್ತೇ? ಯಾವ ಕಡೆಯಿಂದ ಹಿಡಿದರೂ ಈ ಲೆಕ್ಕ ನನಗೆ ಬಿಡಿಸಲಾಗುತ್ತಿಲ್ಲ. ನೀವೇನಾದರೂ ಬಿಡಿಸಬಲ್ಲಿರಾ?

ಅದಾದ ಮೇಲೆ ನಡೆದದ್ದು ಇಷ್ಟು. ಶೆಡ್ಡಿನ ಸಾಹುಕಾರರನ್ನು ಕಾಣಲು ಪುಟ್ಟಮ್ಮ ಒಬ್ಬಳೇ ಹೋದಳು. ಅವರು ಹೊರಗೆ ಬರಲೇ ಇಲ್ಲ. ತಿಂಗಳೊಳಗೆ ರೂಮು ಖಾಲಿ ಮಾಡಿಕೊಂಡು ಕೆಂಗೇರಿಯ ತಂಗಿಯ ಮನೆ ಸೇರಿದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಈ ಪ್ರಸಂಗವನ್ನು ನಾನು ಹೋದಲ್ಲೆಲ್ಲ ಹೇಳಿದ್ದೇನೆ. ಹೋದ ತಿಂಗಳು ರಾಜರಾಜೇಶ್ವರಿನಗರದಲ್ಲಿ ‘ಹಿರಿಯ ಕಲಾವಿದೆ’ ಎಂದು ಶಾಲು ಹೊದಿಸಿದಾಗಲೂ ಹೇಳಿದೆ. ನಾಟಕದ ಶಕ್ತಿ ಎಂಥದ್ದು ಎಂದು ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಪ್ರತಿ ಸಲವೂ ಒಂದು ಮಾತು ಬಿಟ್ಟೇ ಹೇಳುತ್ತೇನೆ, ಈಗ ನಿಮಗೆ ಹೇಳುವಾಗಲೂ ಬಿಟ್ಟೆ. ಇವತ್ತು ಯಾಕೋ ಹಾಗೆ ಬಿಟ್ಟು ಮುಗಿಸಲು ಮನಸ್ಸಾಗುತ್ತಿಲ್ಲ.

ಆ ಭಾನುವಾರ ಹಿತ್ತಿಲ ಬಾಗಿಲಲ್ಲಿ ಪುಟ್ಟಮ್ಮ ಇನ್ನೊಂದು ಮಾತು ಕೇಳಿದ್ದಳು. ‘ಸಾಹುಕಾರ್ರು ಇವತ್ತು ಮನೇಲೇ ಇರ್ತಾರೆ. ನೀವೂ ಬನ್ನಿ ಅಕ್ಕಾ. ನಿಮಗೆ ಮಾತು ಬರುತ್ತೆ.’

ನಾನು ಹೇಳಿದೆ, ‘ಸಂಜೆ ಎರಡನೇ ಪ್ರಯೋಗ ಇದೆ ಪುಟ್ಟಮ್ಮ. ಮೇಕಪ್ಪಿಗೆ ಹೊತ್ತಾಗುತ್ತೆ.’