ಹವಾಲ್ದಾರ ಕಾಕಾರ ಟೋಪಿ

ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಹವಾಲ್ದಾರ ಕಾಕಾರ ಹಣೆಯ ಮೇಲೆ ಟೋಪಿಯ ಗೆರೆ ಹಾಗೇ ಇತ್ತು. ಗೆರೆಯ ಕೆಳಗೆ ಬಿಸಿಲು ಸುಟ್ಟ ಮುಖ, ಮೇಲೆ ಕೂಸಿನಂಥ ಬಿಳಿ ಚರ್ಮ. ನಮ್ಮ ಮನೆಯ ಟಿವಿಯ ಮುಂದೆ ಕೂತಾಗ ಅದು ಎದ್ದು ಕಾಣುತ್ತಿತ್ತು.

ಶಹಾಪುರದಲ್ಲಿ ನಮ್ಮ ಓಣಿಯಲ್ಲೇ ಅವರ ಬಾಡಿಗೆ ಖೋಲಿ. ನನ್ನ ಮಗ್ಗಗಳಿಗೆ ಸೂಟಿ ಇದ್ದ ಮಧ್ಯಾಹ್ನ ಬಂದು ಜರ್ಮನಿಯ ಒಂದು ಪೊಲೀಸ್ ಧಾರಾವಾಹಿ ಹಚ್ಚಿಸುತ್ತಿದ್ದರು. ಅಲ್ಲಿ ಅದು ನಮ್ಮ ಸಣ್ಣಂದಿನಿಂದಲೂ ನಡೆದಿದೆಯಂತೆ. ಭಾಷೆ ತಿಳಿಯದು. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಐದನೇ ಇಯತ್ತೆಗೆ ಸಾಲಿ ಬಿಟ್ಟ ನನಗೂ ಸಿಗದು, ಕಾಕಾರಿಗೂ ಸಿಗದು.

"ಇವರೆಂಥಾ ಪೊಲೀಸರೋ, ಒಬ್ಬಗೂ ಹೊಟ್ಟಿ ಇಲ್ಲ" ಅನ್ನುತ್ತಿದ್ದರು.

"ನಿಮಗರೆ ಎಲ್ಲೈತ್ರೀ ಕಾಕಾ?"

"ಅದಕ್ಕs ನನಗ ಬಡ್ತಿ ಸಿಗಲಿಲ್ಲ."

ಆದರೆ ಪ್ರತಿ ಕಂತಿನಲ್ಲೂ ಒಂದು ಬಾಗಿಲು ಬರುತ್ತಿತ್ತು. ಇಬ್ಬರು ಪೊಲೀಸರು ಗಂಟೆ ಒತ್ತುತ್ತಾರೆ, ಹೆಂಗಸು ತೆರೆಯುತ್ತಾಳೆ. ಎರಡೇ ಮಾತು. ಅವಳು ಗೋಡೆ ಹಿಡಿಯುತ್ತಾಳೆ. ಆಗ ಕಾಕಾ ನಗು ನಿಲ್ಲಿಸಿ, "ಹಿಂದಕ್ಕ ಸರಿಸು" ಅನ್ನುತ್ತಿದ್ದರು. ಮತ್ತೆ ನೋಡುತ್ತಿದ್ದರು. "ಸಾಹೇಬರು ಬದಲಾದ್ರು, ಕಾರು ಬದಲಾದ್ವು. ಹೊಸ್ತಿಲದಾಗ ಹೇಳೂದೊಂದು ಬದಲಾಗಲಿಲ್ಲ ನೋಡು."

ಆ ಬಾಗಿಲು ಅವರಿಗೆ ಯಾಕೆ ಬೇಕಿತ್ತೆಂದು ನನಗೆ ಗೊತ್ತು.

ಖಾನಾಪುರ ಕಡೆಯ ಠಾಣೆಯೊಂದರಲ್ಲಿ ಇದ್ದಾಗ ಸಾವಿನ ಸುದ್ದಿ ಮುಟ್ಟಿಸುವ ಕೆಲಸ ಅವರ ಪಾಲಿಗೇ ಬರುತ್ತಿತ್ತು. ಹೋದಲ್ಲೆಲ್ಲ ಟೋಪಿ ತೆಗೆದು ಬಗಲಲ್ಲಿ ಇಟ್ಟುಕೊಂಡು ಹೊಸ್ತಿಲಲ್ಲೇ ನೇರ ಹೇಳುತ್ತಿದ್ದರು. ನಮ್ಮ ಮನೆಗೆ ಬಂದ ದಿನ ಮಾತ್ರ ಟೋಪಿ ತಲೆಯ ಮೇಲೇ ಇತ್ತು.

"ಅಕ್ಕಾ, ನಿಮ್ಮ ಸಣ್ಣಾವಗ ಸ್ವಲ್ಪ ಪೆಟ್ಟಾಗೇತಿ. ಖಾನಾಪುರ ದವಾಖಾನ್ಯಾಗ ಅದಾನ. ನಡೀರಿ."

ನನ್ನ ತಮ್ಮ ದೇಸೂರಿನ ಹತ್ತಿರ ಹಳಿ ದಾಟುವಾಗ ರೈಲಿಗೆ ಸಿಕ್ಕು ಆಗಲೇ ಸತ್ತಿದ್ದ. ನಮ್ಮ ಕಡೆ ರೂಢಿಯೇ ಹಾಗೆ, ಹೆಣದ ಮುಂದೆ ನಿಲ್ಲಿಸುವವರೆಗೂ ಸತ್ತ ಅನ್ನುವುದಿಲ್ಲ. ಅವ್ವ ನಂಬಿದಳು, ನಾನೂ ನಂಬಿದೆ. ನಾಲ್ಕು ರೊಟ್ಟಿ, ಪುಂಡಿಪಲ್ಯೆ, ಒಗೆದ ಲುಂಗಿ ಚೀಲಕ್ಕೆ ತುಂಬಿದಳು. ಜೀಪಿನಲ್ಲಿ ದಾರಿಯುದ್ದಕ್ಕೂ, "ಅವಗ ಹಸಿವು ತಡಿಯೂದಿಲ್ಲ, ಲಗೂನ ಹೊಡೀರಿ" ಅನ್ನುತ್ತಿದ್ದಳು.

ಹೆಣದ ಕೋಣೆಯಲ್ಲಿ ಅವ್ವ ಅಳಲಿಲ್ಲ. ಕಾಕಾರ ಕಡೆ ತಿರುಗಿ, "ಮನ್ಯಾಗ ಹೇಳಿದ್ರ ನಾ ರೊಟ್ಟಿ ಕಟ್ಟತಿದ್ದಿಲ್ಲೋ ಯಪ್ಪಾ" ಅಂದಳು.

ಆಮೇಲೆ ಅವ್ವ ನಾಲ್ಕು ವರ್ಷ ಇದ್ದಳು. ಹಬ್ಬಕ್ಕೆ ಕಾಕಾ ಬಂದರೆ ಪಲ್ಯ, ಅನ್ನ ಎಲ್ಲ ನೀಡುವಳು. ರೊಟ್ಟಿ ಮಾತ್ರ ನಾನು ನೀಡಬೇಕು. ಅವರು ತಲೆ ಎತ್ತದೆ ಉಣ್ಣುತ್ತಿದ್ದರು.

ಒಂದು ಮಧ್ಯಾಹ್ನ ಟಿವಿ ಆರಿಸಲು ಹೇಳಿದರು. "ನಿಮ್ಮವ್ವನ ದುಃಖ ಒಂದು ತಾಸು ಮುಂದ ಹಾಕೀನಿ ಅಂದ್ಕೊಂಡಿದ್ದೆ. ಖರೇ ಹೇಳಬೇಕಂದ್ರ ನನಗ ಧೈರ್ಯ ಇದ್ದಿಲ್ಲ. ಓಣಿ ಮಂದಿ, ದಿನಾ ಮುಖಾ ನೋಡಾವ್ರು. ನಾ ಹೋದ್ರ ಪಾರಿಶ್ವಾಡಕ್ಕ ನೀನs ಹೋಗು. ನನ್ನ ಮಗಳಿಗೆ ಹೊಸ್ತಿಲದಾಗs ಹೇಳು. ಆರಾಮಿಲ್ಲ, ಬಾ ಅನಬ್ಯಾಡ."

"ಆತ್ರಿ."

"ಆತ್ರಿ ಅಲ್ಲ. ಮಾತು ಕೊಡು."

ಕೊಟ್ಟೆ.

ಹೋದ ಶ್ರಾವಣದಲ್ಲಿ ಬೆಳಿಗ್ಗೆ ಚಹಾ ಒಯ್ದಾಗ ಕಾಕಾ ಬಚ್ಚಲ ಮುಂದೆ ಬಿದ್ದಿದ್ದರು. ಡಾಕ್ಟರು ಬಂದು ನೋಡಿ ಜೀವ ಹೋಗಿದೆ ಅಂದರು. "ಮಗಳಿಗೆ ಸೀರಿಯಸ್ ಐತಿ ಅಂತ ಫೋನ್ ಹಚ್ಚು, ಸಾಕು" ಎಂದು ಓಣಿಯವರು ಅಂದರು. ನಾನು ಗಾಡಿ ಹತ್ತಿದೆ.

ಪಾರಿಶ್ವಾಡದಲ್ಲಿ ಮಗಳು ಬಾಗಿಲಲ್ಲೇ ಸಿಕ್ಕಳು. "ಅಣ್ಣಾ, ಬರ್ರಿ, ಕುಂದರ್ರಿ. ಚಲೋ ಆತು ಬಂದಿರಿ. ಅಪ್ಪಗ ಶೇಂಗಾ ಉಂಡಿ ಕಟ್ಟೇನಿ, ಒಯ್ಯಾಕ ಬರ್ತೈತಿ." ಡಬ್ಬಿ ತಂದು ಮುಂದೆ ಹಿಡಿದಳು. ಆರಾಮಿಲ್ಲ ಅನ್ನುವ ಮಾತು ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು.

ಹೆಲ್ಮೆಟ್ ತೆಗೆದು ಬಗಲಲ್ಲಿ ಇಟ್ಟುಕೊಂಡೆ. "ತಂಗೀ, ನಿಮ್ಮಪ್ಪ ಮುಂಜಾನೆ ತೀರ್ಕೊಂಡ್ರು."

ಒಳಗಿಂದ ಅವಳ ಗಂಡ ಓಡಿಬಂದು ನನ್ನ ಅಂಗಿ ಹಿಡಿದ. "ಹಿಂಗ ಹೇಳ್ತಾರೇನೋ? ನಾಕು ಅಕ್ಷರ ಕಲತಿದ್ರ ತಿಳೀತಿತ್ತು."

ಅವಳು ಚೌಕಟ್ಟು ಹಿಡಿದು ಹೊಸ್ತಿಲ ಮೇಲೆ ಕುಸಿದಿದ್ದಳು. "ಅವರನ್ನ ಬಿಡ್ರಿ" ಅಂದಳು ಗಂಡನಿಗೆ. ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಶಹಾಪುರಕ್ಕೆ ಹೊರಟು ಹೊರಗೆ ಬಂದಾಗ ಅವಳ ಕೈಯಲ್ಲಿ ಏನೂ ಇರಲಿಲ್ಲ.