ತೆಂಗಿನಮರಕ್ಕೆ ಹೊಡೆದ ನನ್ನ ಅಂಕಣ

ಕಳೆದ ಭಾನುವಾರ ಕಾಪು ಬಳಿಯ ಹೊಳೆಯೊಂದರ ದಡದಲ್ಲಿ, ತೆಂಗಿನಮರದ ಮೇಲೆ ನನ್ನ ಫೋಟೋ ನೋಡಿದೆ. ಹಾರ ಹಾಕಿರಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ! ಫೋಟೋದ ಕೆಳಗೆ ಹೋದ ವರ್ಷ ಇದೇ ಪುಟದಲ್ಲಿ ನಾನು ಬರೆದ ಅಂಕಣ. ಅಂದವಾಗಿ ಲ್ಯಾಮಿನೇಶನ್ ಮಾಡಿಸಿ, ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದಿದ್ದರು.

(ಯಾವ ಹೊಳೆ ಎಂದು ಈ ಸಲ ಹೇಳುವುದಿಲ್ಲ. ಹೋದ ವರ್ಷ ಬಸ್‌ಸ್ಟಾಪ್ ಸಮೇತ ಹೇಳಿ ಆದ ಅನಾಹುತವೇ ಸಾಕು.)

ನನ್ನ ದೋಣಿಯ ಕಥೆ ನಿಮಗೆ ಗೊತ್ತೇ ಇದೆ. ಹೊಸಬರಿಗೆ ಹೇಳುವುದಾದರೆ, ಕಾರ್ಕಳದಲ್ಲಿ ಪಾಠ ಹೇಳಿಕೊಂಡಿರುವ ನನ್ನ ಬಳಿ ಇಬ್ಬರು ಕೂರುವಷ್ಟು ಪುಟ್ಟ ಹಾಯಿದೋಣಿ ಇದೆ. "ಕಾರ್ಕಳದಲ್ಲಿ ಕಲ್ಲು ಉಂಟು, ನಿಮ್ಮ ದೋಣಿಗೆ ನೀರು ಎಲ್ಲಿ ಉಂಟು ಮಾರಾಯ್ರೆ?" ಎಂದು ಸ್ಟಾಫ್‌ರೂಮಿನಲ್ಲಿ ನಗುತ್ತಾರೆ. ನಗಲಿ. ಭಾನುವಾರ ಅದನ್ನು ಕಾರಿನ ತಲೆಗೆ ಕಟ್ಟಿಕೊಂಡು ಹೊರಡುತ್ತೇನೆ. ಮೊಣಕಾಲುದ್ದ ನೀರಿದ್ದರೂ ಸಾಕು, ಗಾಳಿ ಹಿಡಿದು ಹೊಳೆ ನಡುವಿನ ಕುದ್ರುಗಳ, ಅಂದರೆ ಪುಟ್ಟ ದ್ವೀಪಗಳ, ಸಂದಿಯಲ್ಲೆಲ್ಲ ನುಗ್ಗುತ್ತದೆ. ಎಂಜಿನ್ ದೋಣಿಯವರು ಕಾಣದ ಮೂಲೆಗಳನ್ನು ನಾನು ಕಂಡಿದ್ದೇನೆ ಎಂಬ ಅಹಂಕಾರವೂ ಸ್ವಲ್ಪ ಇತ್ತು.

ಅಂಥದ್ದೊಂದು ಮೂಲೆಯಲ್ಲೇ ಹೋದ ವರ್ಷ ಲಿಲ್ಲಿಬಾಯಿ ಸಿಕ್ಕಿದ್ದು. ನನ್ನ ದೋಣಿ ಮರಳ ದಿಬ್ಬಕ್ಕೆ ಹತ್ತಿ ಕೂತಿತ್ತು. ಅಲ್ಲೇ ಬುಟ್ಟಿ ಹಿಡಿದು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದವರು ಗದರಿದರು: "ಅಡಿಯ ಹಲಗೆ ಎತ್ತಿ ಮಾರಾಯ್ರೆ! ಇಲ್ಲಿ ನೀರು ಎಲ್ಲಿ ಉಂಟು?" ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ ಅದು. ಆಳ ಕಡಿಮೆಯಾದರೆ ಎತ್ತಬೇಕು. ನಾನು ಮರೆತಿದ್ದೆ.

ಅರುವತ್ತು ದಾಟಿದ ಲಿಲ್ಲಿಬಾಯಿಗೆ ಆ ದಿಬ್ಬವೇ ಅನ್ನ. ನೀರಿಳಿದ ಹೊತ್ತಿಗೆ ಮರುವಾಯಿ ಚಿಪ್ಪು ಹೆಕ್ಕಿ ಮನೆಮನೆಗೆ ಮಾರುತ್ತಿದ್ದರು. ಪಾದದಲ್ಲೇ ತಡವಿ ತೆಗೆಯುವುದು. ಹೆಬ್ಬೆರಳ ಗೆಣ್ಣಿಗಿಂತ ಸಣ್ಣದು ಸಿಕ್ಕರೆ ವಾಪಸ್ ಮರಳಿಗೆ. "ಇದೆಲ್ಲ ಮಕ್ಕಳು. ಇದನ್ನು ತೆಗೆದ್ರೆ ಬರುವ ವರ್ಷ ಎಂತ ಹೆಕ್ಕುದು?" ಎಂದಿದ್ದರು. ದಿಬ್ಬದ ಒಂದು ಬದಿಯನ್ನಂತೂ ಅವರೂ ನೆರೆಯ ಹೆಂಗಸರೂ ಇಡೀ ವರ್ಷ ಮುಟ್ಟುತ್ತಿರಲಿಲ್ಲ.

ಈ ಭಾನುವಾರ ಅದೇ ದಿಬ್ಬದ ಮೇಲೆ ನಲವತ್ತು ಜನ! ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಪ್ಲಾಸ್ಟಿಕ್ ಬಕೆಟ್, ಕಿವಿ ಹರಿಯುವ ಸ್ಪೀಕರ್. ಒಬ್ಬ ಮಹಾನುಭಾವ ಗುದ್ದಲಿಯನ್ನೇ ತಂದಿದ್ದ. ಬಕೆಟ್ಟಿಗೆ ಇಣುಕಿದೆ. ಕಡಲೆಕಾಳಿನಷ್ಟು ಗಾತ್ರದ ಮರಿಗಳು. ತಿನ್ನಲಿಕ್ಕೆಂದುಕೊಂಡಿರಾ? ಅಲ್ಲ ಸ್ವಾಮಿ, ಸೆಲ್ಫಿಗೆ. ಸೆಲ್ಫಿ ಮುಗಿಸಿ ಸುರಿದುಹೋದ ರಾಶಿ ದಡದಲ್ಲಿ ಕೊಳೆತು ನಾರುತ್ತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ದೋಣಿಯಿಂದ ಧುಮುಕಿ, "ಯಾರ್ರೀ ಇದನ್ನೆಲ್ಲ ನಡೆಸುವುದು? ನಾಚಿಕೆ ಆಗುವುದಿಲ್ಲವಾ?" ಎಂದು ಕೂಗಿದೆ. ಕೂಲಿಂಗ್ ಗ್ಲಾಸಿನ ದಪ್ಪ ಮನುಷ್ಯನೊಬ್ಬ ಓಡಿ ಬಂದ. ಜಗಳಕ್ಕೆಂದುಕೊಂಡೆ. ಎರಡೂ ಕೈ ಹಿಡಿದು ಕುಲುಕಿದ!

"ಸರ್, ನೀವೇ ಅಲ್ವಾ? ನಿಮ್ಮ ಕಾಲಂ ಓದಿಯೇ ನಾವು ಟೂರ್ ಶುರು ಮಾಡಿದ್ದು. ಬನ್ನಿ, ಒಂದು ಫೋಟೋ!"

ಹಾಗೆ ಎಳೆದುಕೊಂಡು ಹೋಗಿ ತೋರಿಸಿದ್ದೇ ಆ ತೆಂಗಿನಮರ. ಒಂದು ಸಾಲಿಗೆ ಕೆಂಪು ಗೀಟು ಬೇರೆ: 'ಇಲ್ಲಿ ಯಾರು ಬೇಕಾದರೂ ಮರಳಿಗೆ ಕೈಹಾಕಿ ಬುಟ್ಟಿ ತುಂಬಿಸಿಕೊಳ್ಳಬಹುದು.' ಬರೆದವನು ನಾನೇ. ಹೆಬ್ಬೆರಳ ಗೆಣ್ಣಿನ ಲೆಕ್ಕ ಎಲ್ಲಿ? ಮುಟ್ಟದೆ ಬಿಡುವ ಬದಿ ಎಲ್ಲಿ? ಅದನ್ನೂ ಬರೆದಿದ್ದೆ. ಪದಮಿತಿ ಮೀರಿತು, ಒಂದು ಪ್ಯಾರಾ ಕಡಿಯಬೇಕಾಯಿತು. ಸೂರ್ಯಾಸ್ತದ ಪ್ಯಾರಾ ಉಳಿಸಿಕೊಂಡು ಲಿಲ್ಲಿಬಾಯಿಯದನ್ನು ಕಡಿದೆ. ಇನ್ನು ಯಾರನ್ನು ಬೈಯಲಿ? ಛೆ! ಸೂರ್ಯ ಮುಳುಗುವುದು ಯಾರಿಗೆ ಗೊತ್ತಿಲ್ಲ?

(ಆದರೂ ಕೇಳುತ್ತೇನೆ. ಓದಿದವರಿಗಾದರೂ ಬುದ್ಧಿ ಬೇಡವೇ? ಚಂದದ ಜಾಗ ಕಂಡ ಕೂಡಲೇ ಬಕೆಟ್ ಹುಡುಕುವ ಈ ಚಾಳಿ ನಮಗೆ ಎಲ್ಲಿಂದ ಅಂಟಿತು?)

ಲಿಲ್ಲಿಬಾಯಿಯ ಮನೆಗೆ ಹೋದೆ. ಬುಟ್ಟಿ ಜಗಲಿಯಲ್ಲಿ ಕವುಚಿ ಬಿದ್ದಿತ್ತು. ಈಗ ಅವರು ದಿನಾ ಬಸ್ಸು ಹತ್ತಿ ಉಚ್ಚಿಲಕ್ಕೆ ಹೋಗಿ, ಬೇರೆಯವರ ಅಂಗಡಿಯಲ್ಲಿ ನಿಂತುಕೊಂಡೇ ಮೀನು ಕತ್ತರಿಸುತ್ತಾರೆ. ಕಾಲು ಊದಿತ್ತು. ನನ್ನನ್ನು ಕಂಡು ಬೈಯುತ್ತಾರೆಂದುಕೊಂಡರೆ, ಕುರ್ಚಿ ಕೊಟ್ಟರು.

"ಮಾಷ್ಟ್ರೇ, ನೀವು ಪೇಪರಿನಲ್ಲಿ ನಮ್ಮ ಹೊಳೆಯ ಬಗ್ಗೆ ಚಂದ ಬರ್ದಿದ್ದೀರಂತೆ. ನನಗೆ ಓದ್ಲಿಕ್ಕೆ ಬರುದಿಲ್ಲ. ಎಂತ ಬರ್ದದ್ದು?"

ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಕಡಿದ ಪ್ಯಾರಾದ ವಿಷಯವನ್ನೂ. ಅವರು ಕಾಲು ನೀವಿಕೊಳ್ಳುತ್ತಾ ಹೇಳಿದರು:

"ಹಾಗಾದ್ರೆ ಇದನ್ನೂ ಬರೆಯಿರಿ. ಅಲ್ಲಿ ಈಗ ಎಂತದ್ದೂ ಇಲ್ಲ, ಯಾರೂ ಬರುದು ಬೇಡ ಅಂತ."

ಬರೆದಿದ್ದೇನೆ ಲಿಲ್ಲಿಬಾಯಿ. ಇದನ್ನು ಯಾರು ಲ್ಯಾಮಿನೇಶನ್ ಮಾಡಿಸುತ್ತಾರೆ?